ಕಡಲಿನ ನಷ್ಟಕ್ಕೆ ಲೆಕ್ಕ ಬರೆಯುವವರು ಯಾರು?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಗಲ್ಲಾದ ಲೆಕ್ಕ ಬಿಟ್ಟು ಕಡಲಿನ ಲೆಕ್ಕ ನಮಗೇಕೆ ಎಂದು ತಾವು ಕೇಳಬಹುದು. 2010ರ ಆಗಸ್ಟ್ 7ನೆಯ ತಾರೀಖನ್ನು ನೆನೆಸಿಕೊಳ್ಳೋಣ. ಅಂದು ಇದೇ ಮುಂಬಯಿ ಬಂದರಿನ ಹೊರಗೆ ಎಂ.ಎಸ್.ಸಿ. ಚಿತ್ರಾ, ಖಲೀಜಿಯಾ ಎಂಬ ಎರಡು ಹಡಗುಗಳು ಡಿಕ್ಕಿ ಹೊಡೆದವು. ಎಣ್ಣೆ ಕಡಲಿಗೆ ಹರಿಯಿತು. ಮೀನು ತಿನ್ನಬಾರದೆಂಬ ಮಾತು ಊರೆಲ್ಲ ಹಬ್ಬಿತು. ಮೀನೂಟದ ಹೋಟೆಲೊಂದರಲ್ಲಿ ಆಗ ತಟ್ಟೆ ತೊಳೆಯುತ್ತಿದ್ದ ನಮಗೆ, ಗಿರಾಕಿಗಳಿಲ್ಲವೆಂದು ಧಣಿಗಳು ನಾಲ್ಕು ದಿನ ರಜೆ ಕೊಟ್ಟರು. ರಜೆಗೆ ಸಂಬಳವಿರಲಿಲ್ಲ. ಆ ನಾಲ್ಕು ದಿನಗಳ ಲೆಕ್ಕವನ್ನು ಯಾರೂ ನಮ್ಮನ್ನು ಕೇಳಲಿಲ್ಲ, ನಾವೂ ಬರೆದಿಡಲಿಲ್ಲ.

ಲೆಕ್ಕ ಬಲ್ಲವರು ಇದನ್ನು ಎರಡು ಭಾಗ ಮಾಡುತ್ತಾರೆ. ಒಡೆದ ದೋಣಿ, ಹರಿದ ಬಲೆ, ಕೆಟ್ಟ ಇಂಜಿನು—ಇದು ಹಾನಿ. ಕಡಲಿಗಿಳಿಯದ ದಿನಗಳ ದುಡಿಮೆ, ಹರಾಜಿನಲ್ಲಿ ಬಿದ್ದುಹೋದ ಬೆಲೆ—ಇದು ನಷ್ಟ. ಹಾನಿ ಕಣ್ಣಿಗೆ ಕಾಣುತ್ತದೆ, ಅಧಿಕಾರಿ ಬಂದು ಎಣಿಸಬಹುದು. ನಷ್ಟ ಕಾಣುವುದಿಲ್ಲ. ಹಿಂದಿನ ವರ್ಷಗಳಲ್ಲಿ ಇದೇ ತಿಂಗಳು ಎಷ್ಟು ಮೀನು ಬಂತು, ಎಷ್ಟಕ್ಕೆ ಹೋಯಿತು, ಈ ವರ್ಷ ಎಷ್ಟು ಎಂದು ಹೋಲಿಸಬೇಕು. ಉಳಿದ ಡೀಸೆಲು, ಮಂಜುಗಡ್ಡೆಯ ಖರ್ಚು ಕಳೆಯಬೇಕು. ಹಿಂದಿನ ಲೆಕ್ಕವೇ ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? ದೋಣಿಯ ಧಣಿಯಲ್ಲಿ ಕಾಗದಪತ್ರಗಳಿವೆ. ಪಾಲಿನ ಮೇಲೆ ದುಡಿಯುವ ಕಲಾಸಿಯ ಬಳಿ, ಬುಟ್ಟಿ ಹೊತ್ತು ಮಾರುವ ತಾಯಿಯ ಬಳಿ ಏನಿದೆ?

2025ರ ಮೇ 25ರಂದು ಕೇರಳದ ಕರಾವಳಿಯಾಚೆ ಎಂ.ಎಸ್.ಸಿ. ಎಲ್ಸಾ 3 ಹಡಗು 640 ಕಂಟೇನರುಗಳೊಡನೆ ಮುಳುಗಿತು. ಪ್ಲಾಸ್ಟಿಕ್ ಕಾಳುಗಳು ದಡಕ್ಕೆ ಬಂದು ಬಿದ್ದವು. ಹಡಗಿನ ಸುತ್ತ 20 ನಾಟಿಕಲ್ ಮೈಲಿ ಬಲೆ ಬೀಸಬಾರದೆಂದು ಆಜ್ಞೆಯಾಯಿತು. ಮೀನೆಂದರೆ ಜನ ಹೆದರಿದರು. ಸರಕಾರ ಮೀನುಗಾರ ಕುಟುಂಬಗಳಿಗೆ 1,000 ರೂಪಾಯಿ, 6 ಕಿಲೋ ಅಕ್ಕಿ ಘೋಷಿಸಿತು. ಬಳಿಕ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು. ಅದರಲ್ಲಿ ಮೀನುಗಾರರ ನಷ್ಟವೆಂದು ತೋರಿಸಿದ್ದು ಸುಮಾರು 526 ಕೋಟಿ, ನೂರಕ್ಕೆ ಆರೂ ಇಲ್ಲ. ಪರಿಸರದ ಲೆಕ್ಕ ದೊಡ್ಡದಿರಬಾರದೆಂದು ನಾವು ಹೇಳುವುದಿಲ್ಲ. ಕಡಲು ಕೆಟ್ಟರೆ ಮೀನುಗಾರನೂ ಕೆಟ್ಟ. ಆದರೆ ಆ 526 ಕೋಟಿಯಲ್ಲಿ ಪ್ರತಿಯೊಬ್ಬ ಕಲಾಸಿಗೆ ತನ್ನ ಪಾಲು ಇಷ್ಟೆಂದು ರುಜುವಾತುಪಡಿಸಲು ಚೀಟಿ ಬೇಕಲ್ಲವೇ?

ಇದು ನಮ್ಮ ಬಡತನ ಮಾತ್ರವಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2023ರಲ್ಲಿ, ವಿಪತ್ತುಗಳಿಂದ 30 ವರ್ಷಗಳಲ್ಲಿ ಜಗತ್ತಿನ ಬೆಳೆ ಮತ್ತು ಜಾನುವಾರುಗಳಿಗಾದ ನಷ್ಟ 3.8 ಲಕ್ಷ ಕೋಟಿ ಡಾಲರ್ ಎಂದು ಅಂದಾಜು ಮಾಡಿತು. ಮೀನುಗಾರಿಕೆ ಆ ಮೊತ್ತದಲ್ಲಿ ಸೇರಲಿಲ್ಲ. ಕ್ರಮವಾದ ಅಂಕಿಅಂಶಗಳೇ ಇರಲಿಲ್ಲ!

ಆದುದರಿಂದ ನಮ್ಮ ವಿನಂತಿ ಸಣ್ಣದು. ನಮ್ಮಲ್ಲಿ ಅನೇಕರ ಅಣ್ಣತಮ್ಮಂದಿರು ಮಲ್ಪೆ, ಮಂಗಳೂರು, ಕಾರವಾರಗಳ ದೋಣಿಗಳಲ್ಲಿದ್ದಾರೆ. ಮುಂದಿನ ಸಾರಿ ಊರಿಗೆ ಹೋದಾಗ ಮಿಠಾಯಿಯ ಜೊತೆಗೆ ಒಂದು ನೋಟುಬುಕ್ಕನ್ನೂ ಒಯ್ಯಿರಿ. ತಾರೀಖು, ಹಿಡಿದ ಮೀನು, ಬಂದ ಪಾಲು—ದಿನಕ್ಕೆ ಮೂರೇ ಸಾಲು. ಅಕ್ಷರ ಬಾರದವರಿಗೆ ಮನೆಯ ಮಕ್ಕಳು ಬರೆದುಕೊಡಲಿ. ಒಳ್ಳೆಯ ದಿನವನ್ನೂ ಬರೆಯಲಿ, ಕೆಟ್ಟ ದಿನವನ್ನೂ ಬರೆಯಲಿ. ಹೆಚ್ಚು ಮಾಡಿ ಬರೆಯುವುದು ಬೇಡ. ಒಂದು ಸುಳ್ಳು ಹತ್ತು ನಿಜಗಳನ್ನು ಮುಳುಗಿಸುತ್ತದೆ. ಹೋಟೆಲಿನ ನಾವೂ ನಮ್ಮ ಹಾಜರಿಯನ್ನು ಹೀಗೆಯೇ ಬರೆದಿಡೋಣ.

ಗಾಳಿ, ಅಲೆ ನಮ್ಮ ಕೈಯಲ್ಲಿಲ್ಲ, ಪೆನ್ಸಿಲು ನಮ್ಮ ಕೈಯಲ್ಲಿದೆ.