ದಲ್ಲಾಳಿ ಎಂದರೆ ದಾರಿ ತೋರುವವನು

(ಕಟಕೋಳದಲ್ಲಿ ವ್ಯಾಪಾರಸ್ಥರು ಹಾಗೂ ಯುವಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಭಾಗದ ದನದ ಸಂತೆಯನ್ನು ಕಂಡವರಿಗೆ ಒಂದು ದೃಶ್ಯ ಅಪರಿಚಿತವಲ್ಲ. ಎತ್ತಿನ ಪಕ್ಕದಲ್ಲಿ ಇಬ್ಬರು ನಿಂತಿರುತ್ತಾರೆ. ಅವರ ಕೈಗಳ ಮೇಲೆ ಒಂದು ಟವೆಲ್ ಇರುತ್ತದೆ. ಅದರ ಅಡಿಯಲ್ಲಿ ಬೆರಳುಗಳು ಬೆಲೆಯನ್ನು ಹೇಳುತ್ತಿದ್ದರೆ ಬಾಯಿ ಮಳೆ ಬೆಳೆಯ ಮಾತನಾಡುತ್ತಿರುತ್ತದೆ. ಮಾರುವವನಿಗೆ ತಿಳಿಸಿದ ಬೆಲೆಯೂ ಕೊಳ್ಳುವವನಿಗೆ ತಿಳಿಸಿದ ಬೆಲೆಯೂ ಒಂದೇ ಆಗಿತ್ತೇ ಎಂಬುದು ಎಷ್ಟೋ ಸಲ ದಲ್ಲಾಳಿಗೆ ಮಾತ್ರ ಗೊತ್ತಿರುತ್ತದೆ.

ಇಂದು ನಾವು ಮಾತನಾಡಲಿರುವುದು ಬೆಂಗಳೂರಿನ ಗಾಜಿನ ಕಟ್ಟಡಗಳ ಬಾಡಿಗೆ ವ್ಯವಹಾರದ ಕುರಿತು. ಕಟಕೋಳಕ್ಕೂ ಅದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ. ಪದವಿ ಮುಗಿಸಿದ ನಮ್ಮ ಮಕ್ಕಳು ಬೆಂಗಳೂರು, ಪುಣೆಗಳಿಗೆ ಹೋಗುತ್ತಿದ್ದಾರೆ. ಅವರಲ್ಲಿ ಕೆಲವರು ಕಚೇರಿ ಕಟ್ಟಡಗಳನ್ನು ಬಾಡಿಗೆಗೆ ಕೊಡಿಸುವ ಸಂಸ್ಥೆಗಳಲ್ಲಿಯೇ ದುಡಿಯುತ್ತಿದ್ದಾರೆ. ಸಂತೆಯ ದಲ್ಲಾಳಿ ಅಲ್ಲಿ ಟೈ ಕಟ್ಟಿಕೊಂಡು ಲ್ಯಾಪ್‌ಟಾಪ್ ಹಿಡಿದಿದ್ದಾನೆ. ಟವೆಲ್ ಮಾಯವಾಗಿದೆಯೇ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಆ ಪದವನ್ನೇ ನೋಡೋಣ. 'ದಲ್ಲಾಳಿ' ಎಂಬುದು ಅರಬಿ ಭಾಷೆಯ 'ದಲ್ಲಾಲ್' ಎಂಬುದರಿಂದ ಬಂದಿದೆ. ಅದರ ಮೂಲಧಾತುವಿನ ಅರ್ಥ ದಾರಿ ತೋರುವುದು. ಮದ್ರಸಾಗಳಲ್ಲಿ ಪುರಾವೆಗೆ ನಾವು ಬಳಸುವ 'ದಲೀಲ್' ಎಂಬ ಪದವೂ ಅದೇ ಧಾತುವಿನದು. ಅಂದರೆ ದಲ್ಲಾಳಿಯು ಪುರಾವೆಯ ಒಡಹುಟ್ಟಿದವನು. ಮರೆಮಾಚುವವನಿಗೆ ಈ ಹೆಸರು ಸಲ್ಲದು. ಪೇಟೆಯ ಮಧ್ಯವರ್ತಿಗಳನ್ನು ಪ್ರವಾದಿಯವರು(ಸ) ಅದಕ್ಕಿಂತ ಉತ್ತಮವಾದ 'ವ್ಯಾಪಾರಿಗಳು' ಎಂಬ ಹೆಸರಿನಿಂದ ಕರೆದರು. ವ್ಯವಹಾರದಲ್ಲಿ ಪೊಳ್ಳು ಮಾತು ಮತ್ತು ಆಣೆಗಳು ನುಸುಳುತ್ತವೆಂದು ಎಚ್ಚರಿಸಿ ದಾನದಿಂದ ಅದನ್ನು ಶುದ್ಧೀಕರಿಸಲು ಹೇಳಿದರು. ವೃತ್ತಿ ನಿಂದ್ಯವಲ್ಲ, ಅದರೊಳಗೆ ನುಸುಳುವ ಸುಳ್ಳು ನಿಂದ್ಯ.

ಈಗ ಮಾರುಕಟ್ಟೆಯ ಸ್ವರೂಪವನ್ನು ನೋಡೋಣ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಬೆಂಗಳೂರಿನ ಹೊರವಲಯದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಐಟಿಪಿಎಲ್ ಎದ್ದು ನಿಂತಿತು. ಬಳಿಕ ಹೊರವರ್ತುಲ ರಸ್ತೆಯ ಇಕ್ಕೆಲಗಳು ತುಂಬಿದವು. ಇಂದು ಆ ನಗರದಲ್ಲಿ 20 ಕೋಟಿ ಚದರಡಿಗೂ ಹೆಚ್ಚು ಕಚೇರಿ ಸ್ಥಳವಿದ್ದು, ಅದು ದೇಶದ ಅತಿ ದೊಡ್ಡ ಕಚೇರಿ ಮಾರುಕಟ್ಟೆಯಾಗಿದೆ. 2019ರ ಏಪ್ರಿಲ್‌ನಲ್ಲಿ ಎಂಬಸಿ ಆಫೀಸ್ ಪಾರ್ಕ್ಸ್ ದೇಶದ ಪ್ರಥಮ 'ರೀಟ್' ಆಗಿ ಷೇರುಪೇಟೆಯನ್ನು ಪ್ರವೇಶಿಸಿತು. ಕಟ್ಟಡದ ಬಾಡಿಗೆಯಲ್ಲಿ ಸಾಮಾನ್ಯ ಹೂಡಿಕೆದಾರನೂ ಪಾಲು ಪಡೆಯುವ ವ್ಯವಸ್ಥೆ ಇದು. 2020ರಲ್ಲಿ ಕೊರೋನಾ ಬಂದಾಗ ಕಚೇರಿಗಳು ಬರಿದಾದವು, ಇನ್ನು ಕಚೇರಿಗಳ ಕಾಲವೇ ಮುಗಿಯಿತೆಂದು ಹಲವರು ಭವಿಷ್ಯ ನುಡಿದರು. ಹಾಗಾಗಲಿಲ್ಲ. ವಿದೇಶಿ ಕಂಪೆನಿಗಳು ತಮ್ಮದೇ ಕೇಂದ್ರಗಳಿಗಾಗಿ ಮಹಡಿ ಮಹಡಿಗಳನ್ನೇ ಹಿಡಿದವು. ಸಣ್ಣ ಕಂಪೆನಿಗಳು ಮೇಜು ಕುರ್ಚಿ ಸಹಿತ ಸಿದ್ಧವಾಗಿರುವ, ಆಸನದ ಲೆಕ್ಕದಲ್ಲಿ ಸಿಗುವ ಕಚೇರಿಗಳತ್ತ ವಾಲಿದವು.

ಇಷ್ಟು ದೊಡ್ಡ ವ್ಯವಹಾರದಲ್ಲಿ ದಲ್ಲಾಳಿಯ ಪಾತ್ರವೇನು? ಒಂದು ಸಣ್ಣ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ. ಕಚೇರಿಗಳ ಬಾಡಿಗೆಯನ್ನು ಸಾಮಾನ್ಯವಾಗಿ 'ಸೂಪರ್ ಬಿಲ್ಟಪ್' ವಿಸ್ತೀರ್ಣಕ್ಕೆ ಕಟ್ಟುತ್ತಾರೆ. ಗೋಡೆ, ಮೆಟ್ಟಿಲು, ಲಿಫ್ಟ್, ಕೆಳಗಿನ ಪಡಸಾಲೆ ಎಲ್ಲವೂ ಅದರಲ್ಲಿ ಸೇರಿರುತ್ತದೆ. 1,000 ಚದರಡಿಗೆ ಬಾಡಿಗೆ ಕೊಟ್ಟವನಿಗೆ ಕುರ್ಚಿ ಹಾಕಲು ಸಿಗುವುದು 700 ಚದರಡಿಯಷ್ಟೇ ಆಗಿರಬಹುದು. ಚದರಡಿಗೆ 80 ರೂಪಾಯಿಯೆಂದು ಹೇಳಿದರೆ ತಿಂಗಳಿಗೆ 80,000 ರೂಪಾಯಿ. ಆದರೆ ಬಳಸುವ ಜಾಗಕ್ಕೆ ಹಂಚಿ ನೋಡಿದರೆ ಚದರಡಿಗೆ 114 ರೂಪಾಯಿ ಬಿತ್ತು. ಇದರ ಮೇಲೆ ಹಲವು ತಿಂಗಳ ಮುಂಗಡ, ನಿರ್ವಹಣಾ ವೆಚ್ಚ, ಜಿಎಸ್‌ಟಿ, ಮೂರು ವರ್ಷಕ್ಕೊಮ್ಮೆ ಶೇ. 15ರಷ್ಟು ಏರಿಕೆ, ಅವಧಿಗೆ ಮುನ್ನ ಬಿಟ್ಟು ಹೋಗದಂತೆ 'ಲಾಕ್ ಇನ್' ಷರತ್ತು ಇರುತ್ತವೆ.

ದಲ್ಲಾಳಿಗೆ ಸಿಗುವುದು ಸಾಮಾನ್ಯವಾಗಿ ಒಂದೆರಡು ತಿಂಗಳ ಬಾಡಿಗೆ. ಒಂದು ತಿಂಗಳದ್ದೆಂದು ಇಟ್ಟುಕೊಳ್ಳೋಣ. ಅವನು ಶ್ರಮಪಟ್ಟು ಬಾಡಿಗೆಯನ್ನು 80 ರೂಪಾಯಿಯಿಂದ 70ಕ್ಕೆ ಇಳಿಸಿದರೆ ಬಾಡಿಗೆದಾರನಿಗೆ ಮೂರು ವರ್ಷಗಳಲ್ಲಿ 3,60,000 ರೂಪಾಯಿ ಉಳಿಯುತ್ತದೆ. ದಲ್ಲಾಳಿಗೆ 10,000 ರೂಪಾಯಿ ಕಡಿಮೆಯಾಗುತ್ತದೆ! ಚೌಕಾಶಿಗೆ ಇನ್ನೊಂದು ತಿಂಗಳು ವ್ಯಯಿಸಿದರೆ ಅದೂ ಅವನಿಗೇ ನಷ್ಟ. ಒಂದೇ ಸಂಸ್ಥೆ ಮಾಲಕನ ಪರವಾಗಿಯೂ ಬಾಡಿಗೆದಾರನ ಪರವಾಗಿಯೂ ನಿಂತರೆ ಗೋಜಲು ಇಮ್ಮಡಿಯಾಗುತ್ತದೆ. ಇಂತಹ ವ್ಯವಸ್ಥೆಯಲ್ಲಿ ಪ್ರಾಮಾಣಿಕತೆಯನ್ನು ಗೋಡೆಯ ಮೇಲೆ ಬರೆದರಷ್ಟೇ ಸಾಕಾಗುವುದಿಲ್ಲ.

ಹಾಗಿದ್ದರೆ ಪ್ರಾಮಾಣಿಕ ದಲ್ಲಾಳಿ ಎಂಬುದು ಬರೀ ಕನಸೇ? ಅಲ್ಲ. 1906ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಭೂಕಂಪ ಮತ್ತು ಬೆಂಕಿ ನುಂಗಿದವು. ಸಂತ್ರಸ್ತರ ಜಾಗಗಳನ್ನು ದಲ್ಲಾಳಿಗಳು ತಾವೇ ಅಗ್ಗದಲ್ಲಿ ಖರೀದಿಸಿ ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಇದರಿಂದ ನೊಂದ ಕೋಲ್ಬರ್ಟ್ ಕೋಲ್ಡ್‌ವೆಲ್ ಎಂಬ ಯುವಕ, ಗಿರಾಕಿಯ ಹಿತವೇ ಮೊದಲೆಂಬ ನಿಯಮದೊಂದಿಗೆ ಅದೇ ವರ್ಷ ಸಂಸ್ಥೆಯೊಂದನ್ನು ಆರಂಭಿಸಿದನೆಂದು ಅದರ ಚರಿತ್ರೆ ಹೇಳುತ್ತದೆ. ಇಂದು ಜಗತ್ತಿನ ಅತಿ ದೊಡ್ಡ ವಾಣಿಜ್ಯ ಕಟ್ಟಡಗಳ ದಲ್ಲಾಳಿ ಸಂಸ್ಥೆಯೆನಿಸಿರುವ ಸಿಬಿಆರ್‌ಇಯ ಮೂಲ ಅಲ್ಲಿದೆ. ಇಲ್ಲಿ ಗಮನಿಸಬೇಕಾದುದು ಗಾತ್ರವನ್ನಲ್ಲ. ದಲ್ಲಾಳಿ ಯಾವುದನ್ನು ಮಾಡಕೂಡದು ಎಂಬ ಗೆರೆಯನ್ನು ಮೊದಲ ದಿನವೇ ಎಳೆಯಲಾಗಿತ್ತು. ಸಂಸ್ಥೆಯ ಸಂಸ್ಕೃತಿ ಎಂದರೆ ಅದುವೇ.

ಈ ಕಡೆಯ ಪದವೀಧರ ಯುವಕನೊಬ್ಬ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸೇರಿದ್ದ. ಬೇರೊಬ್ಬರು ಟೋಕನ್ ಕೊಡಲು ಸಿದ್ಧರಿದ್ದಾರೆಂದು ಬಾಡಿಗೆದಾರನಿಗೆ ಹೇಳಬೇಕೆಂದು ಮೇಲಿನವರು ಅವನಿಗೆ ಸೂಚಿಸಿದರು. ಅಂತಹವರು ಯಾರೂ ಇರಲಿಲ್ಲ. ಅವನು ಹೇಳಲಿಲ್ಲ. ಬದಲಿಗೆ ಬಳಸಲು ಸಿಗುವ ಜಾಗವೆಷ್ಟೆಂಬುದನ್ನೂ ಬಾಡಿಗೆದಾರನಿಗೆ ಅಳೆದು ತೋರಿಸಿದ. ಒಪ್ಪಂದ ಮುರಿಯಿತು. ಇನ್ಸೆಂಟಿವ್ ಬರಲಿಲ್ಲ. ಊರಿನಲ್ಲಿ ತಾಯಿ ಸಂಘದಿಂದ ಪಡೆದಿದ್ದ ಸಾಲದ ಎರಡು ಕಂತುಗಳು ತಪ್ಪಿದವು. ಅವನು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಭಾಯಿ, ಈ ನೌಕರಿಯ ಸಂಬಳ ಹಲಾಲೇ?"

ಶ್ರಮಕ್ಕೆ ಪ್ರತಿಫಲ ಪಡೆಯುವುದು ಧರ್ಮಸಮ್ಮತವೆಂದೂ ಸುಳ್ಳಿಗೆ ಪಡೆಯುವುದು ಅಲ್ಲವೆಂದೂ ನಾವು ಉತ್ತರಿಸಿದೆವು. ಉತ್ತರ ಸರಿಯಾಗಿತ್ತು. ಆದರೆ ಅದನ್ನು ಹೇಳಿ ಎದ್ದು ಬರುವುದು ನಮಗೆ ಸುಲಭವಾಗಿತ್ತು, ಕಂತು ಕಟ್ಟಬೇಕಾದವನು ಅವನು. ಆ ರಾತ್ರಿ ತಾಯಿಗೆ ಫೋನ್ ಮಾಡಿದಾಗ ಆಕೆ ಹೇಳಿದ್ದನ್ನೂ ಅವನು ನಮಗೆ ತಿಳಿಸಿದ: "ಕಂತು ಮುಂದಿನ ತಿಂಗಳು ಕಟ್ಟೋಣ ಮಗನೇ, ನೀನು ಊಟ ಮಾಡು." ಆ ಮಾತು ನಮ್ಮ ಫತ್ವಾಕ್ಕಿಂತ ದೊಡ್ಡದಾಗಿತ್ತು. ಸತ್ಯದ ಖರ್ಚಿನಲ್ಲಿ ಆಕೆ ತನ್ನ ಪಾಲನ್ನು ಹೊತ್ತುಕೊಂಡಳು. ನಮ್ಮ ಮನೆಗಳಲ್ಲಿ ಮಗನನ್ನು ನಾವು ಕೇಳುವುದೇನು? "ಎಷ್ಟು ಬಂತು?" ಎಂದೇ ಅಲ್ಲವೇ? "ಹೇಗೆ ಬಂತು?" ಎಂದು ಕೇಳುವ ತಂದೆತಾಯಂದಿರು ಎಷ್ಟಿದ್ದಾರೆ?

ಕಾನೂನು ಸ್ವಲ್ಪ ನೆರವಾಗುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಮಧ್ಯವರ್ತಿಗಳು ನೋಂದಣಿ ಮಾಡಿಕೊಳ್ಳಬೇಕೆಂಬ ನಿಯಮವಿದೆ. 2016ರ ರೇರಾ ಕಾಯ್ದೆಯೂ ಏಜೆಂಟರನ್ನು ನೋಂದಣಿಗೆ ಒಳಪಡಿಸಿದೆ. ಆದರೆ ಅದು ಮಾರಾಟಕ್ಕೆ ಸಂಬಂಧಿಸಿದ್ದು, ಬಾಡಿಗೆಗಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆದ್ದರಿಂದಲೇ ಎಲ್ಲೆಡೆ 11 ತಿಂಗಳ ಕರಾರುಪತ್ರಗಳು ಕಾಣಸಿಗುತ್ತವೆ. ಬಜಾರಿನಲ್ಲಿ ಒಂದು ಮಳಿಗೆ ಹಿಡಿಯುವಾಗಲೂ ಅಳತೆ, ಮುಂಗಡ, ಏರಿಕೆ, ಬಿಡುವ ಷರತ್ತು ಮತ್ತು ದಲ್ಲಾಳಿಗೆ ಯಾರು ಎಷ್ಟು ಕೊಡುತ್ತಾರೆ ಎಂಬ ಐದನ್ನು ಬರವಣಿಗೆಯಲ್ಲಿ ಕೇಳಿರಿ. ಐದನೆಯದನ್ನು ಹೇಳಲು ಹಿಂಜರಿಯುವವನ ಕೈಯ ಮೇಲೆ ಇನ್ನೂ ಟವೆಲ್ ಇದೆಯೆಂದು ತಿಳಿಯಿರಿ.

ಕೊನೆಯದಾಗಿ, ಬೆಂಗಳೂರಿನತ್ತ ಬೆರಳು ತೋರಿಸುವ ನಾವು ನಮ್ಮ ಅಂಗಳವನ್ನೂ ನೋಡಬೇಕಲ್ಲವೇ? ದೇಶದ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿಂದ ವರ್ಷಕ್ಕೆ ಬರುತ್ತಿದ್ದ ಆದಾಯ ಕೇವಲ 163 ಕೋಟಿ ರೂಪಾಯಿಯೆಂದು 2006ರ ಸಾಚಾರ್ ವರದಿ ತಿಳಿಸಿತ್ತು. ಸರಿಯಾಗಿ ಬಳಸಿದರೆ 12,000 ಕೋಟಿ ಬರಬಹುದೆಂದು ಅದೇ ವರದಿ ಅಂದಾಜಿಸಿತ್ತು. ಈ ಅಂತರಕ್ಕೆ ಅತಿಕ್ರಮಣವೂ ಸರಕಾರಗಳ ಉದಾಸೀನವೂ ಕಾರಣ, ನಿಜ. ಆದರೆ ಮಸೀದಿಯ ಮಳಿಗೆಗೆ ನೂರುಗಳಲ್ಲಿ ಬಾಡಿಗೆ ಕೊಟ್ಟು, ಅದನ್ನೇ ಸಾವಿರಗಳಿಗೆ ಒಳಬಾಡಿಗೆ ಕೊಡುವವರು ಹೊರಗಿನವರೇ? ಹರಾಜಿಲ್ಲದೆ ಬಂಧುವಿಗೆ ಮಳಿಗೆ ಬರೆದುಕೊಡುವ ಕಮಿಟಿ ಯಾರದು? ವಿಧವೆಯರಿಗೂ ಅನಾಥ ಮಕ್ಕಳ ಶಾಲಾ ಶುಲ್ಕಕ್ಕೂ ಸಲ್ಲಬೇಕಾದ ಹಣವದು. ಯಾವ ಮಳಿಗೆ, ಎಷ್ಟು ಅಳತೆ, ಯಾರಿಗೆ, ಎಷ್ಟಕ್ಕೆ ಎಂಬ ಪಟ್ಟಿಯನ್ನು ಮಸೀದಿಯ ಬಾಗಿಲ ಬಳಿ ಅಂಟಿಸಲು ಒಂದು ಹಾಳೆ ಸಾಕು.

ದಾರಿ ತೋರುವವನು ಮೊದಲು ತಾನು ನಿಂತ ಜಾಗವನ್ನು ತೋರಿಸಬೇಕು. ಆ ಹಾಳೆಯನ್ನು ಈ ಶುಕ್ರವಾರವೇ ಅಂಟಿಸಬಾರದೇಕೆ ಎಂದು ಕೇಳುತ್ತಾ ನಮ್ಮ ಮಾತನ್ನು ಮುಗಿಸುತ್ತೇವೆ.