ಫೋನಿನ ಸಂತೆಗೆ ನಮ್ಮ ರೊಟ್ಟಿ, ನಮ್ಮ ಬೇಳೆ



ಬೀಜೋಪಚಾರ, ತೊಗರಿಯ ನೆಟೆರೋಗ, ಕಾಯಿಕೊರಕ ಹುಳ ಇವುಗಳ ವಿಷಯವಾಗಿ ನೀವು ಬಾನುಲಿಯಲ್ಲಿ ಮೇಲಿಂದ ಮೇಲೆ ಕೇಳುತ್ತಿರುತ್ತೀರಿ. ಇವೆಲ್ಲ ಬೆಳೆಯುವ ಮಾತಾಯಿತು. ಇಂದು ಬೆಳೆದದ್ದನ್ನು ಮಾರುವ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದರಲ್ಲಿಯೂ ಮನೆಮನೆಗೆ ಬಂದಿರುವ ಫೋನನ್ನು ಇಟ್ಟುಕೊಂಡು, ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಮೂಲಕ ನಮ್ಮ ಮಾಲನ್ನು ನಾವೇ ಮಾರುವುದು ಹೇಗೆಂಬುದು ಇಂದಿನ ವಿಷಯ.

"ಸಾಹೇಬ್ರ, ಇದೆಲ್ಲಾ ಪಟ್ಟಣದವರ ಕೆಲಸ. ನಮಗ ಸಂತಿ ಅದ, ಅಡತಿ ಅದ, ಸಾಕಲ್ರಿ" ಎಂದು ನೀವು ಅನ್ನಬಹುದು. ಸ್ವಲ್ಪ ವಿಚಾರ ಮಾಡೋಣ.

ಶಹಾಬಾದದ ಫರಸಿಯನ್ನು ನೋಡಿರಿ. ಮಹಾರಾಷ್ಟ್ರದ ಊರುಗಳಲ್ಲಿಯೂ ಮನೆಗೆ ಹಾಸುವ ಆ ಕಲ್ಲಿಗೆ 'ಶಹಾಬಾದಿ' ಎಂದೇ ಹೆಸರು. ಊರಿನ ಹೆಸರೇ ಮಾಲಿನ ಹೆಸರಾಗಿದೆ. ನಮ್ಮ ತೊಗರಿಗೂ ಇಂಥದೇ ಹೆಸರಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಈ ಸೀಮೆಯಲ್ಲಿ ಕರೀ ಮಣ್ಣಿನ ಅಡಿಯಲ್ಲಿ ಸುಣ್ಣದ ಕಲ್ಲಿದೆ. ಇಂಥ ನೆಲದ ಸಾರದಿಂದಲೇ ನಮ್ಮ ಬೇಳೆಗೆ ಆ ರುಚಿ ಬಂದಿದೆ ಎಂದು ತಿಳಿದವರು ಹೇಳುತ್ತಾರೆ. 2019ರಲ್ಲಿ ಗುಲಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿ.ಐ. ಗುರುತು, ಸಿಕ್ಕಿತು.

ಹೆಸರು ಬಂತು. ಆ ಹೆಸರಿನ ಲಾಭ ನಮ್ಮ ಮನೆಯ ತನಕ ಬಂತೆ? ಡಿಸೆಂಬರ್, ಜನವರಿಯಲ್ಲಿ ರಾಶಿ ಆಗುತ್ತದೆ. ಸಾಲದವರು ಬಾಗಿಲಿಗೆ ಬರುತ್ತಾರೆ. ಎಲ್ಲರೂ ಒಂದೇ ಸಲಕ್ಕೆ ಚೀಲ ಕಟ್ಟಿ ಪೇಟೆಗೆ ಒಯ್ಯುತ್ತೇವೆ. ಅಲ್ಲಿ ಕೂಗಿದ ದರಕ್ಕೆ ಕಾಳು ಕೊಟ್ಟು ಬರುತ್ತೇವೆ. ಅದೇ ಕಾಳು ಬೇಳೆಯಾಗಿ, ಚಂದದ ಪೊಟ್ಟಣ ಸೇರಿ, ಬೇರೆಯವರ ಹೆಸರು ಹೊತ್ತು ಅಂಗಡಿಯಲ್ಲಿ ಕೂತಾಗ ಅದರ ಬೆಲೆಯೇ ಬೇರೆ. ಆ ನಡುವಿನ ರೊಕ್ಕದಲ್ಲಿ ಸ್ವಲ್ಪವಾದರೂ ನಮ್ಮ ಮನೆಗೆ ಬರಲಿ ಎಂಬುದೇ ಈ ಮಾತಿನ ಉದ್ದೇಶ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೊಂದು ಉದಾಹರಣೆ ಇದೆ. ಜೋಳದ ರೊಟ್ಟಿ ನಮಗೆ ದಿನದ ಊಟ. ಅದನ್ನು ಮಾರಿ ಬದುಕಬಹುದೆಂದು ಬಹಳ ಮಂದಿ ಎಣಿಸಿರಲಿಲ್ಲ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಜಿಲ್ಲಾಡಳಿತದ ಬೆಂಬಲದಿಂದ ಸಹಕಾರಿ ಸಂಘ ಕಟ್ಟಿಕೊಂಡು 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಲ್ಲಿ ರೊಟ್ಟಿ ಮಾರಲು ಹೊರಟರು. 2025ರ ಜೂನ್ 29ರಂದು ಪ್ರಧಾನಮಂತ್ರಿಗಳು ತಮ್ಮ 'ಮನ್ ಕಿ ಬಾತ್' ಬಾನುಲಿ ಭಾಷಣದಲ್ಲಿ ಇವರನ್ನು ನೆನೆದರು. ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತವೆ, ಬೆಂಗಳೂರಿನಲ್ಲಿ ಮಾರಾಟದ ಕಟ್ಟೆಯಿದೆ, ಫೋನಿನ ಮೂಲಕವೂ ಬೇಡಿಕೆ ಬರುತ್ತದೆ ಎಂದು ಅವರು ಹೇಳಿದರು. ನಮ್ಮ ಅಕ್ಕಂದಿರು ಬಡಿದ ರೊಟ್ಟಿಯ ಮಾತನ್ನು ದೇಶವೇ ಕೇಳಿತು.

ಇದರಿಂದ ಕಲಿಯಬೇಕಾದದ್ದೇನು? ಒಬ್ಬೊಬ್ಬರೇ ಹತ್ತು ಹೆಸರು ಇಟ್ಟುಕೊಂಡು ಮಾರಿದರೆ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಹತ್ತು ಮನೆಯವರು ಸೇರಿ ಒಂದು ಹೆಸರು, ಒಂದು ಅಳತೆ, ಒಂದು ರುಚಿ ಎಂದು ನಿಂತರೆ ಕೊಂಡವರು ಮತ್ತೆ ಕೇಳಿಕೊಂಡು ಬರುತ್ತಾರೆ.

ಇನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ. ಗುರುತಿಲ್ಲದ ಲಕ್ಷ ಜನರನ್ನು ಹುಡುಕುತ್ತ ಹೋಗಬೇಡಿರಿ. ನಮ್ಮ ಕಡೆಯ ಊರುಗಳಿಂದ ದುಡಿಯಲಿಕ್ಕೆಂದು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರಿಗೆ ಹೋದವರಿದ್ದಾರಲ್ಲ, ಅವರೇ ನಿಮ್ಮ ಮೊದಲ ಗಿರಾಕಿಗಳು. ಎಳ್ಳಮಾಸಿ ಬಂತೆಂದರೆ ಅವರಿಗೆ ಹೊಲದ ಊಟ ನೆನಪಾಗುತ್ತದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಅಲ್ಲಿ ಸಿಕ್ಕರೂ ಮನೆಯ ರುಚಿ ಇರುವುದಿಲ್ಲ. ನಿಮ್ಮನ್ನು ಬಲ್ಲವರು ನಿಮ್ಮ ಮಾಲನ್ನು ನಂಬಿ ತರಿಸುತ್ತಾರೆ. ಅವರು ಮೆಚ್ಚಿದರೆ ಪಕ್ಕದ ಮನೆಯವರಿಗೆ ಹೇಳುತ್ತಾರೆ. ಹೀಗೆ ವ್ಯಾಪಾರ ಬಾಯಿಂದ ಬಾಯಿಗೆ ಬೆಳೆಯುತ್ತದೆ. ಫೋನು ಆ ಬಾಯಿಮಾತನ್ನು ದೂರಕ್ಕೆ ಮುಟ್ಟಿಸುತ್ತದೆ, ಅಷ್ಟೇ.

ಈಗ ಕೆಲಸಕ್ಕೆ ಬರೋಣ.

ಮೊದಲನೆಯದಾಗಿ, ಒಂದೇ ಮಾಲಿನಿಂದ ಆರಂಭಿಸಿರಿ. ನಿಮ್ಮ ಮನೆಯಲ್ಲಿ ಯಾವುದು ಚಲೋ ಆಗುತ್ತದೆಂದು ನೆಂಟರಿಷ್ಟರು ಹೊಗಳುತ್ತಾರೋ ಅದೊಂದನ್ನೇ ಆರಿಸಿರಿ.

ಎರಡನೆಯದು ಲೆಕ್ಕ. ಇದನ್ನು ಪಾಟಿ ಬಳಪ ಹಿಡಿದು ಮಾಡತಕ್ಕದ್ದು. 2025-26ನೇ ಸಾಲಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್ಲಿಗೆ 8,000 ರೂಪಾಯಿ ಎಂದು ಕೇಂದ್ರ ಸರಕಾರ ಗೊತ್ತುಮಾಡಿತು. ಅದನ್ನೇ ಹಿಡಿಯೋಣ. ಒಂದು ಕ್ವಿಂಟಲ್ ಕಾಳಿಗೆ ಸುಮಾರು 70 ಕಿಲೋ ಬೇಳೆ ಬರುತ್ತದೆ. ಅಂದರೆ ಒಂದು ಕಿಲೋ ಬೇಳೆಯಲ್ಲಿ ಕಾಳಿನ ಬೆಲೆಯೇ 114 ರೂಪಾಯಿ ಆಯಿತು. ಒಡೆಸುವ ಕೂಲಿ, ಗಾಡಿ ಬಾಡಿಗೆ, ಪೊಟ್ಟಣ, ಚೀಟಿ ಎಲ್ಲ ಸೇರಿ ಕಿಲೋಕ್ಕೆ 15 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿರಿ. 70 ಕಿಲೋಕ್ಕೆ 1,050 ರೂಪಾಯಿ. ಒಟ್ಟು ಖರ್ಚು 9,050. ಕಿಲೋಕ್ಕೆ 140ರಂತೆ ಮಾರಿದರೆ ಬರುವುದು 9,800. ಉಳಿದದ್ದು 750 ರೂಪಾಯಿ. ಹಸನು ಮಾಡಿ, ತೂಗಿ, ಪೊಟ್ಟಣ ಕಟ್ಟಿದ ಹೆಣ್ಣುಮಕ್ಕಳ ಕೂಲಿಯನ್ನು ಇದರಲ್ಲಿ ಕಳೆದು ನೋಡಿರಿ. ಮನೆಯವರ ದುಡಿಮೆಗೆ ಬೆಲೆಯಿಲ್ಲವೆಂದು ಬಿಟ್ಟರೆ ಲೆಕ್ಕದಲ್ಲಿ ಲಾಭ ಕಾಣುತ್ತದೆ, ಮೈಗೆ ನಷ್ಟವಾಗುತ್ತದೆ. 150ರಂತೆ ಮಾರಿದರೆ ಉಳಿಯುವುದು 1,450 ರೂಪಾಯಿ. ಹೊಟ್ಟು, ನುಚ್ಚು ದನಕ್ಕಾಯಿತು. ನಿಮ್ಮ ಊರಿನ ನಿಜವಾದ ಖರ್ಚು ಹಾಕಿ ನೀವೇ ಲೆಕ್ಕ ಮಾಡಿ, ಆಮೇಲೆ ದರ ಹೇಳಿರಿ. ಕಳಿಸುವ ಖರ್ಚನ್ನು ಬೇರೆಯಾಗಿಯೇ ತಿಳಿಸಿರಿ. ಅಂಚೆ ಕಚೇರಿಯಲ್ಲಿ, ಬಸ್ ನಿಲ್ದಾಣದ ಪಾರ್ಸಲ್ ಕಟ್ಟೆಯಲ್ಲಿ ಮೊದಲೇ ದರ ವಿಚಾರಿಸಿ ಬರೆದಿಟ್ಟುಕೊಳ್ಳಿರಿ.

ಮೂರನೆಯದಾಗಿ, ವ್ಯಾಪಾರಕ್ಕೆಂದೇ ಬೇರೆ ನಂಬರ್ ಇರಲಿ. 'ವಾಟ್ಸಾಪ್ ಬಿಸಿನೆಸ್' ಎಂಬುದು 2018ರಲ್ಲಿ ಬಂತು. ಅದಕ್ಕೆ ದುಡ್ಡಿಲ್ಲ. ಮಾಲಿನ ಚಿತ್ರ, ತೂಕ, ದರ ಇವುಗಳನ್ನು ಅಂಗಡಿಯ ಹಲಗೆಯಂತೆ ಅದರಲ್ಲಿ ಜೋಡಿಸಿ ಇಡಬಹುದು. ಕಾಲೇಜಿಗೆ ಹೋಗುವ ಮಗಳೋ ಮಗನೋ ಒಂದು ಸಂಜೆಯಲ್ಲಿ ಇದನ್ನು ಮಾಡಿಕೊಟ್ಟಾರು. ಹೆಣ್ಣುಮಕ್ಕಳ ಫೋಟೋ ಹಾಕಲೇಬೇಕೆಂದಿಲ್ಲ. ರೊಟ್ಟಿಯ ಬುಟ್ಟಿಯ ಫೋಟೋ ಹಾಕಿದರೆ ಸಾಕು.

ನಾಲ್ಕನೆಯದು ಫೋಟೋ ತೆಗೆಯುವ ಬಗೆ. ಬೆಳಗಿನ ಬೆಳಕಿನಲ್ಲಿ, ಪಡಸಾಲೆಯಲ್ಲಿ, ಹಸನಾದ ಮರದಲ್ಲಿ ಬೇಳೆ ಹರವಿ ತೆಗೆಯಿರಿ. ತಕ್ಕಡಿಯ ಮೇಲೆ ತೂಕ ಕಾಣುವಂತೆ ಇನ್ನೊಂದು ತೆಗೆಯಿರಿ. ರೊಟ್ಟಿ ಬಡಿಯುವುದನ್ನು ಅರ್ಧ ನಿಮಿಷದ ವಿಡಿಯೋ ಮಾಡಿರಿ. ಆ ಸಪ್ಪಳ ಕೇಳಿದರೆ ಪುಣೆಯಲ್ಲಿ ಕೂತವರಿಗೆ ಹಸಿವಾಗುತ್ತದೆ. ಒಂದು ಮಾತು ಮರೆಯಬೇಡಿರಿ. ಚಿತ್ರದಲ್ಲಿ ಇದ್ದದ್ದೇ ಪೊಟ್ಟಣದಲ್ಲಿ ಇರಬೇಕು. ಬೇರೆಯವರ ಚಂದದ ಚಿತ್ರವನ್ನು ಎತ್ತಿ ಹಾಕಬಾರದು. ಸಂತೆಯಲ್ಲಿ ಗಿರಾಕಿ ಕಾಳನ್ನು ಮುಟ್ಟಿ, ಹಲ್ಲಿನಿಂದ ಕಡಿದು ನೋಡುತ್ತಾನೆ. ಫೋನಿನಲ್ಲಿ ಅವನಿಗೆ ಕಾಣುವುದು ನಿಮ್ಮ ಚಿತ್ರ ಮತ್ತು ನಿಮ್ಮ ಮಾತು, ಇವೆರಡೇ. ಒಮ್ಮೆ ಮೋಸವೆನಿಸಿದರೆ ಅವನು ಹತ್ತು ಜನರಿಗೆ ಸಾರುತ್ತಾನೆ, ಅದೂ ಅದೇ ಫೋನಿನಲ್ಲಿ.

ಐದನೆಯದು ಸುದ್ದಿ ಕಳಿಸುವ ಕ್ರಮ. ಏನು ಮಾಲು, ಎಷ್ಟು ತೂಕ, ಏನು ದರ, ಯಾವಾಗ ತಯಾರಾದದ್ದು, ಹೇಗೆ ಮುಟ್ಟುತ್ತದೆ, ಈ ಐದು ಸಂಗತಿ ಇದ್ದರೆ ಸಾಕು. ವಾಟ್ಸಾಪಿನಲ್ಲಿ ಒಂದೇ ಸುದ್ದಿಯನ್ನು ಬ್ರಾಡ್‌ಕಾಸ್ಟ್ ಪಟ್ಟಿಯ ಮೂಲಕ ಅನೇಕರಿಗೆ ಕಳಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಆದುದರಿಂದ ಮೊದಲು ಮಾತಾಡಿಸಿ, ನಂಬರ್ ಬರೆದುಕೊಳ್ಳಲು ಹೇಳಿರಿ. ವಾರಕ್ಕೆ ಒಂದು ಸುದ್ದಿ ಸಾಕು. ದಿನಾ ಮುಂಜಾನೆ ಹೂವಿನ ಚಿತ್ರ ಕಳಿಸಿದರೆ ಬೇಸತ್ತು ನಿಮ್ಮ ಸುದ್ದಿಯನ್ನೇ ಮುಚ್ಚಿಬಿಡುತ್ತಾರೆ.

ಆರನೆಯದು ಪೊಟ್ಟಣ. ರೊಟ್ಟಿ ಪೂರ್ತಿ ಕಡಕ್ ಆಗಿ ಒಣಗಿರಬೇಕು. ಸ್ವಲ್ಪ ಹಸಿ ಇದ್ದರೂ ದಾರಿಯಲ್ಲಿ ಬೂಸರು ಹಿಡಿಯುತ್ತದೆ. ರಟ್ಟಿನ ಡಬ್ಬಿಯಲ್ಲಿ ನಡುನಡುವೆ ಕಾಗದ ಇಟ್ಟು, ಅಲುಗಾಡದಂತೆ ಕಟ್ಟಿರಿ. ತಿನ್ನುವ ಪದಾರ್ಥವನ್ನು ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು; ಸಣ್ಣ ತಯಾರಕರಿಗೂ ಇದು ತಪ್ಪಿದ್ದಲ್ಲ. ಅರ್ಜಿಯನ್ನು ಫೋನಿನ ಜಾಲದ ಮೂಲಕವೇ ಹಾಕಬಹುದು. ಅಲ್ಲಿಂದ ಸಿಗುವ 14 ಅಂಕಿಗಳ ನಂಬರನ್ನು ಪೊಟ್ಟಣದ ಮೇಲೆ ಹಾಕಿರಿ. ಜತೆಗೆ ಮಾಲಿನ ಹೆಸರು, ಅದರಲ್ಲಿ ಏನೇನು ಇದೆ, ತೂಕ, ಬೆಲೆ, ಕಟ್ಟಿದ ದಿನ, ಎಷ್ಟು ದಿನ ಬಾಳುತ್ತದೆ, ನಿಮ್ಮ ವಿಳಾಸ, ಇಷ್ಟೂ ಇರಲಿ. ಇನ್ನೊಂದು ಮಾತು: ಬೇಳೆಯ ಪೊಟ್ಟಣಕ್ಕೆ ಜಿ.ಐ. ಗುರುತು ಹಚ್ಚಬೇಕಾದರೆ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡಿರಬೇಕು. ಸುಮ್ಮನೆ ಹಚ್ಚಬಾರದು. ಇದನ್ನೂ, ಈಗ ಯಾವ ಸಹಾಯಧನ ಸಿಗುತ್ತದೆಂಬುದನ್ನೂ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಏಳನೆಯದು ಹಣದ ಮಾತು. ಇದನ್ನು ಕಿವಿಗೊಟ್ಟು ಕೇಳಿರಿ. ಯು.ಪಿ.ಐ. 2016ರಲ್ಲಿ ಆರಂಭವಾದ ಮೇಲೆ ರೊಕ್ಕ ಫೋನಿನಿಂದ ಫೋನಿಗೆ ಬರುತ್ತದೆ. ಇದರಿಂದ ಅನುಕೂಲವಾಯಿತು, ಕಳ್ಳರಿಗೂ ದಾರಿಯಾಯಿತು. "ನಾನು ಮಿಲಿಟರಿ ಅಧಿಕಾರಿ. ನಿಮ್ಮ ಬೇಳೆ ಎಲ್ಲಾ ನನಗೇ ಬೇಕು. ಮುಂಗಡ ಕಳಿಸ್ತೀನಿ, ಈ ಚಿತ್ರಕ್ಕೆ ಫೋನ್ ಹಿಡಿದು ಪಿನ್ ಒತ್ತಿರಿ" ಎಂದು ಒಬ್ಬ ಹೇಳುತ್ತಾನೆ. ಒತ್ತಿದಿರೋ, ನಿಮ್ಮ ಖಾತೆಯಿಂದಲೇ ಹಣ ಹೋಯಿತು. ನೆನಪಿಡಿರಿ, ಹಣ ಕೊಡುವುದಕ್ಕೆ ಪಿನ್ ಬೇಕು. ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ. ಹಣ ಕಳಿಸಿದ ಚಿತ್ರ ತೋರಿಸಿದರೆ ಮಾಲು ಕಳಿಸಬೇಡಿರಿ. ಖಾತೆಯಲ್ಲಿ ಜಮೆ ಆದದ್ದನ್ನು ನೋಡಿ ಕಳಿಸಿರಿ. ಇಷ್ಟಾಗಿಯೂ ಮೋಸವಾದರೆ ನಾಚಿಕೆಪಟ್ಟು ಮನೆಯಲ್ಲಿ ಕೂಡಬೇಡಿರಿ. ತಡ ಮಾಡದೆ 1930 ನಂಬರಿಗೆ ಫೋನ್ ಮಾಡಿರಿ. ಬೇಗ ತಿಳಿಸಿದಷ್ಟೂ ಹಣ ತಡೆಯಲು ಅವಕಾಶ ಹೆಚ್ಚು.

ಎಂಟನೆಯದು ದೂರಿನ ಮಾತು. ರೊಟ್ಟಿ ಮುರಿದು ಬಂತು, ಹಿಂಡಿ ಉಪ್ಪಾಯಿತು ಎಂದು ಗಿರಾಕಿ ಬರೆದರೆ ವಾದಕ್ಕೆ ನಿಲ್ಲಬೇಡಿರಿ. "ತಪ್ಪಾಗೇದ್ರಿ, ಬ್ಯಾರೆ ಕಳಿಸ್ತೀವಿ" ಅನ್ನಿರಿ, ಮತ್ತು ಕಳಿಸಿರಿ. ಒಂದು ಪೊಟ್ಟಣದ ನಷ್ಟ ಒಬ್ಬ ಗಿರಾಕಿಯನ್ನು ವರ್ಷಗಟ್ಟಲೆ ಉಳಿಸುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಈ ಮಾತು ಕೇಳಿ ಇಡೀ ರಾಶಿಯನ್ನು ಫೋನಿನ ಮೇಲೆ ಮಾರುತ್ತೇನೆಂದು ಕೂಡಬೇಡಿರಿ. ದೊಡ್ಡ ಮಾಲಿಗೆ ಮಾರುಕಟ್ಟೆ, ಖರೀದಿ ಕೇಂದ್ರ, ರೈತ ಉತ್ಪಾದಕರ ಸಂಘ ಇವೇ ದಾರಿ. ಹತ್ತು ಚೀಲದಲ್ಲಿ ಒಂದನ್ನು ಬೇಳೆ ಮಾಡಿಸಿ ಈ ದಾರಿಯಲ್ಲಿ ಪ್ರಯತ್ನಿಸಿರಿ. ಅದು ನಡೆದರೆ ಬರುವ ವರ್ಷ ಎರಡು ಚೀಲ ಮಾಡಿರಿ. ಸಾಲ ತೆಗೆದು ಯಂತ್ರ ತರುವ ವಿಚಾರವನ್ನು ಗಿರಾಕಿಗಳು ಕೂಡಿದ ಮೇಲೆ ಮಾಡೋಣ.

ಈ ಕೆಲಸದಲ್ಲಿ ಬರುವ ಹಣ ಬಹಳವಿಲ್ಲದಿರಬಹುದು. ಆದರೆ ಅದು ರಾಶಿಯ ಹಣದಂತೆ ವರ್ಷಕ್ಕೊಮ್ಮೆ ಬಂದು ಸಾಲಕ್ಕೆ ಹೋಗುವುದಲ್ಲ; ವಾರವಾರವೂ ಬರುತ್ತದೆ. ಮಕ್ಕಳ ಫೀಜಿಗೆ, ಔಷಧಕ್ಕೆ, ಸಂತೆಗೆ ಆಗುತ್ತದೆ. ಅದು ದುಡಿದ ಹೆಣ್ಣುಮಗಳ ಹೆಸರಿನ ಖಾತೆಗೇ ಬರಲಿ ಎಂದು ಮನೆಯ ಯಜಮಾನರಲ್ಲಿ ನನ್ನ ವಿನಂತಿ.

ಹಾಗಾದರೆ ಈ ವಾರ ಮಾಡಬೇಕಾದ ಕೆಲಸ ಇಷ್ಟೇ. ಒಂದು ವಹಿ ತೆಗೆದುಕೊಳ್ಳಿರಿ. ನಿಮ್ಮ ಊರಿನಿಂದ ಹೊರಗೆ ಹೋಗಿ ನೆಲೆಸಿದ 20 ಮನೆಯವರ ಹೆಸರು, ನಂಬರ್ ಬರೆಯಿರಿ. ಒಬ್ಬೊಬ್ಬರಿಗೂ ಫೋನ್ ಮಾಡಿ, ಮೊದಲು ಕ್ಷೇಮ ಕೇಳಿ, ಆಮೇಲೆ "ಊರಿಂದ ಏನು ಬೇಕ್ರಿ?" ಎಂದು ಕೇಳಿರಿ. ಅವರು ಹೇಳಿದ್ದನ್ನು ಅವರ ಹೆಸರಿನ ಮುಂದೆ ಬರೆಯಿರಿ. ನೀವು ಯಾವ ಮಾಲು ಮಾಡಬೇಕೆಂಬುದಕ್ಕೆ ಆ ವಹಿಯಲ್ಲಿಯೇ ಉತ್ತರ ಸಿಗುತ್ತದೆ.