ಮನಸ್ಸು ಕದಡಿದಾಗ ಮೊದಲು ಯಾವ ಬಾಗಿಲು?

(ಗೌರಿಬಿದನೂರಿನಲ್ಲಿ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಸಂತೆಯ ಸುಂಕ ಇವುಗಳ ಮಾತನ್ನು ನಾವು ಎಷ್ಟೋ ಸಭೆಗಳಲ್ಲಿ ಆಡಿದ್ದೇವೆ. ಇಂದು ಆಡಹೊರಟಿರುವ ಮಾತು ನಮ್ಮ ಯಾವ ಬೇಡಿಕೆ ಪಟ್ಟಿಯಲ್ಲಿಯೂ ಇಲ್ಲ. ಆದರೆ ನಮ್ಮ ಮನೆಗಳ ಒಳಗೆ, ಕದ ಹಾಕಿಕೊಂಡು ಕೂತಿದೆ. ಮನೆಯಲ್ಲಿ ಒಬ್ಬರ ಮನಸ್ಸು ಇದ್ದಕ್ಕಿದ್ದಂತೆ ಕದಡಿದರೆ, ಇಲ್ಲವೇ ಒಬ್ಬರು ಈ ಜೀವ ಬೇಡವೆಂದು ಕೂತುಬಿಟ್ಟರೆ, ಆ ರಾತ್ರಿ ನಾವು ಏನು ಮಾಡಬೇಕು?

ಕೈ ಮುರಿದರೆ, ಪುತ್ತೂರು ಕಟ್ಟು ಕಟ್ಟಿಸುವುದೋ ಆಸ್ಪತ್ರೆಗೆ ಹೋಗುವುದೋ ಎಂದು ಒಂದು ಗಳಿಗೆ ಯೋಚಿಸುತ್ತೇವೆ, ಅಷ್ಟೆ. ಹೊತ್ತು ಮುಳುಗುವುದರೊಳಗೆ ಎಲ್ಲಿಗಾದರೂ ಹೋಗಿರುತ್ತೇವೆ. ಮನಸ್ಸಿನ ಕಾಯಿಲೆಯಾದರೆ ಮೊದಲು ಬಾಗಿಲು ಮುಚ್ಚುತ್ತೇವೆ. ಮದುವೆಗೆ ಬಂದ ತಂಗಿ ಇದ್ದಾಳೆ, ಸುದ್ದಿಯಾದರೆ ಸಂಬಂಧ ತಪ್ಪುತ್ತದೆ. ಸಾಹುಕಾರ ಸರಕು ಕೊಡುವುದನ್ನು ನಿಲ್ಲಿಸಿಯಾನು. ಮೇಸ್ತ್ರಿ ನಾಳೆಯಿಂದ ಬರಬೇಡ ಅಂದಾನು. ಈ ಭಯಗಳು ಸುಳ್ಳಲ್ಲ. ಆದರೆ ಈ ಭಯದಲ್ಲಿ ಕಳೆದುಹೋಗುವ ಎಂಟು ಹತ್ತು ದಿನಗಳಲ್ಲಿಯೇ ಜೀವಗಳು ಹೋಗುತ್ತವೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ಒಂದು ಮನೆಯ ವಿಷಯ ನಮಗೆ ಗೊತ್ತು. ಹೆರಿಗೆಯಾದ ಏಳನೆಯ ದಿನದಿಂದ ಆ ತಾಯಿಗೆ ನಿದ್ದೆ ಹೋಯಿತು. ಮಗು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಎಂದಳು. ಒಬ್ಬಳೇ ಗೋಡೆಗೆ ಮಾತಾಡಿದಳು. ಮನೆಯವರು ತಾಯಿತ ಕಟ್ಟಿಸಿದರು, ಆಮೇಲೆ ಮಂತ್ರದವನನ್ನು ಕರೆಸಿದರು, ಅವನು ಬೇವಿನ ಸೊಪ್ಪಿನಲ್ಲಿ ಹೊಡೆದು ನಾಲ್ಕು ಸಾವಿರ ತೆಗೆದುಕೊಂಡು ಹೋದ. ಹನ್ನೊಂದನೆಯ ದಿನ ಪಕ್ಕದ ಮನೆಯ ಹೆಂಗಸು, ಓದು ಬರಹ ಇಲ್ಲದವಳು, "ಇದು ಬಾಣಂತಿ ಸನ್ನಿ ಕಣಮ್ಮ, ನಮ್ಮ ಅಕ್ಕನಿಗೂ ಆಗಿತ್ತು, ಬೆಂಗಳೂರಿಗೆ ಕರಕೊಂಡು ನಡೀರಿ" ಎಂದಳು. ಕೆಲವು ವಾರಗಳಲ್ಲಿ ಆ ತಾಯಿ ಸರಿಹೋದಳು. ಇಂದು ನೂಲಿನ ಮುಂದೆ ಕೂತು ಕೆಲಸ ಮಾಡುತ್ತಾಳೆ.

ಬಾಣಂತಿ ಸನ್ನಿ ಎಂಬ ಹೆಸರು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಡಾಕ್ಟರುಗಳೂ ಒಪ್ಪುವ ಕಾಯಿಲೆ ಅದು. ಹೆಚ್ಚಾಗಿ ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಬರುತ್ತದೆ, ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ. ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ. ಅವಳನ್ನು ಮಗುವಿನೊಡನೆ ಒಂಟಿಯಾಗಿ ಬಿಡಬಾರದು, ಅದೇ ದಿನ ಆಸ್ಪತ್ರೆಗೆ ಹೊರಡಬೇಕು.

ಇನ್ನೊಂದು ನಮ್ಮ ಗಂಡಸರದು. ದಿನವೂ ಕುಡಿಯುವವನು ಅಯ್ಯಪ್ಪನ ಮಾಲೆ ಹಾಕಿ ಒಮ್ಮೆಗೇ ಬಿಡುತ್ತಾನೆ. ಎರಡು ಮೂರನೆಯ ದಿನ ಕೈ ನಡುಗುತ್ತದೆ, ಬೆವರುತ್ತಾನೆ, ಇಲ್ಲದ ಹುಳು ಹುಪ್ಪಟೆ ಕಾಣುತ್ತವೆ, ಯಾರೋ ಕೊಲ್ಲಲು ಬಂದರು ಎಂದು ಕೂಗುತ್ತಾನೆ. ಸ್ವಾಮಿ ಮೈಮೇಲೆ ಬಂದರು ಎಂದು ಸುತ್ತಲಿನವರು ಕೈ ಮುಗಿಯುತ್ತಾರೆ! ಅದು ಹೆಂಡ ಒಮ್ಮೆಗೇ ನಿಂತಾಗ ಮಿದುಳಿಗೆ ಆಗುವ ಪೆಟ್ಟು. ಫಿಟ್ಸ್ ಬಂದು ಪ್ರಾಣ ಹೋಗುವುದುಂಟು. ಮಾಲೆ ಹಾಕುವುದು ಅವರವರ ಭಕ್ತಿ. ಹಾಕುವ ಮೊದಲು ಡಾಕ್ಟರನ್ನು ಕಂಡು, ಮಾತ್ರೆಯ ಬಲದಿಂದ ಬಿಟ್ಟರೆ ವ್ರತವೂ ಉಳಿಯುತ್ತದೆ, ಆಳೂ ಉಳಿಯುತ್ತಾನೆ. ಹಾಗೆಯೇ ಜ್ವರ ಬಂದವರು, ಸಕ್ಕರೆ ಕಾಯಿಲೆಯವರು ಇದ್ದಕ್ಕಿದ್ದಂತೆ ತಪ್ಪು ತಪ್ಪು ಮಾತಾಡಿದರೆ ಅದು ಹುಚ್ಚಲ್ಲ, ದೇಹದ ಕಾಯಿಲೆಯೇ ಇರಬಹುದು. ಆದ್ದರಿಂದಲೇ ಮೊದಲ ಬಾಗಿಲು ಆಸ್ಪತ್ರೆಯದಾಗಬೇಕು ಎನ್ನುತ್ತೇವೆ.

ಹಾಗೆಂದು ದೇವರಿಗೆ ಹೋಗಬೇಡಿ ಎನ್ನುವವರು ನಾವಲ್ಲ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ಹೋಗುತ್ತಾರೆ, ಕೈವಾರದ ತಾತಯ್ಯನವರಲ್ಲಿಗೂ ಹೋಗುತ್ತಾರೆ. ಹೋಗಿ. ದಾರ ಕಟ್ಟಿಸಿಕೊಳ್ಳಿ, ಮಾತ್ರೆಯನ್ನೂ ನುಂಗಿ. ಸರಪಳಿ ಮಾತ್ರ ಕೂಡದು. ತಮಿಳುನಾಡಿನ ಏರ್ವಾಡಿಯಲ್ಲಿ ೨೦೦೧ನೆಯ ಇಸವಿ ಆಗಸ್ಟ್ ೬ರ ನಸುಕಿನಲ್ಲಿ ಗರಿಯ ಕೊಟ್ಟಿಗೆಗೆ ಬೆಂಕಿ ಬಿದ್ದಾಗ, ದರ್ಗಾದ ಹರಕೆಗೆಂದು ತಂದು ಸರಪಳಿಯಲ್ಲಿ ಕಟ್ಟಿದ್ದ ರೋಗಿಗಳು ಓಡಲಾಗದೆ ಬೆಂದರು. ಸತ್ತವರು ೨೮ ಮಂದಿ. ಅವರನ್ನು ಅಲ್ಲಿ ಬಿಟ್ಟವರು ಕಟುಕರಲ್ಲ. ಬೇರೆ ಬಾಗಿಲು ಯಾವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ॥ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ಜೀವಮಾನವೆಲ್ಲ ಹೇಳಿದರು. ಮಂತ್ರದವನು ಬಾಗಿಲಿಗೆ ಬಂದಾಗ ಒಂದಾದರೂ ಪ್ರಶ್ನೆ ಕೇಳುವ ಧೈರ್ಯ ನಮಗಿರಬೇಡವೇ?

ಈಗ ಕಷ್ಟದ ಮಾತಿಗೆ ಬರುತ್ತೇವೆ. ಸಾಲದ ಕಂತಿಗೆ ಬಾಗಿಲಲ್ಲಿ ಜನ ನಿಂತಾಗ, ಅಂಗಡಿ ಮುಳುಗಿದಾಗ, ಕೆಲವರು ಸಾಯುವ ಮಾತು ಆಡುತ್ತಾರೆ. ಲೆಕ್ಕ ತೀರಿಸುತ್ತಾರೆ, ಮಕ್ಕಳನ್ನು ನೋಡಿಕೊಳ್ಳಿ ಎನ್ನುತ್ತಾರೆ. "ಸಾಯುವವನು ಹೇಳಿ ಸಾಯುತ್ತಾನೆಯೇ" ಎಂದು ನಾವು ನಕ್ಕುಬಿಡುತ್ತೇವೆ. ಹೇಳುತ್ತಾನೆ, ಸ್ನೇಹಿತರೇ. ಎಷ್ಟೋ ಜನ ಹೇಳಿಯೇ ಹೋಗಿದ್ದಾರೆ. ಅವನ ಪಕ್ಕದಲ್ಲಿ ಕೂತು, "ಅಣ್ಣ, ಸಾಯಬೇಕು ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಒಳಗಿನ ಭಾರ ಸ್ವಲ್ಪ ಇಳಿಯುತ್ತದೆ. ಬುದ್ಧಿ ಹೇಳಲು ಹೋಗಬೇಡಿ, ಕೇಳಿಸಿಕೊಳ್ಳಿ. ಒಬ್ಬನನ್ನೇ ಬಿಡಬೇಡಿ. ಹೊಲದ ಔಷಧಿ, ಇಲಿ ಪಾಷಾಣ ಮನೆಯಿಂದಾಚೆ ಹೋಗಲಿ. ಏನಾದರೂ ಕುಡಿದೇಬಿಟ್ಟಿದ್ದರೆ, ಆಳು ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಓಡಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಉಪ್ಪು ನೀರು, ಸಗಣಿ ನೀರು ಕುಡಿಸಿ ವಾಂತಿ ಮಾಡಿಸಬೇಡಿ.

ಪೋಲೀಸು ಕೇಸಾಗುತ್ತದೆಂಬ ಹೆದರಿಕೆಯಿಂದ ಆಸ್ಪತ್ರೆಯನ್ನು ತಪ್ಪಿಸಿದ ಮನೆಗಳನ್ನು ನಾವು ನೋಡಿದ್ದೇವೆ. ಈ ಹೆದರಿಕೆಗೆ ಈಗ ಆಧಾರವಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ೨೦೧೮ರ ಮೇ ೨೯ರಿಂದ ಜಾರಿಯಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮನೋವೇದನೆಯಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಕೂಡದು ಎಂದು ಅದರ ೧೧೫ನೆಯ ಕಲಂ ಹೇಳುತ್ತದೆ. ಹಳೆಯ ದಂಡ ಸಂಹಿತೆಯ ೩೦೯ನೆಯ ಕಲಂ ೨೦೨೪ರ ಜುಲೈ ೧ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ ಇಲ್ಲ. ಸರಪಳಿಯನ್ನು ನಿಷೇಧಿಸಿರುವುದೂ ಇದೇ ೨೦೧೭ರ ಕಾಯಿದೆ. ದಿಕ್ಕುತಪ್ಪಿ ಅಲೆಯುವ ರೋಗಿ ಪೋಲೀಸರ ಕೈಗೆ ಸಿಕ್ಕರೆ ಲಾಕಪ್ಪಿಗೆ ಹಾಕುವಂತಿಲ್ಲ, ೨೪ ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಠಾಣೆಯಲ್ಲಿ ಇದನ್ನು ಮರ್ಯಾದೆಯಿಂದಲೇ, ಆದರೆ ಗಟ್ಟಿಯಾಗಿ ಹೇಳಿ.

ಯಾರನ್ನು ಕರೆಯುವುದು? ಹಗಲಿರಲಿ ರಾತ್ರಿಯಿರಲಿ, ೧೪೪೧೬ ಎಂಬ ನಂಬರಿಗೆ ಪುಕ್ಕಟೆಯಾಗಿ ಫೋನು ಮಾಡಬಹುದು. ಟೆಲಿ ಮಾನಸ್ ಎಂದು ಅದರ ಹೆಸರು, ೨೦೨೨ರ ಅಕ್ಟೋಬರ್ ೧೦ರಂದು ಶುರುವಾಯಿತು. ಕನ್ನಡವಲ್ಲದೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಆಡುವ ತೆಲುಗಿನಲ್ಲಿಯೂ, ಉರ್ದುವಿನಲ್ಲಿಯೂ ಮಾತಾಡುವವರುಂಟು. ಆಳನ್ನು ಕೂಡಲೇ ಸಾಗಿಸಬೇಕಾದರೆ ೧೦೮ರ ಗಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರಿಲ್ಲದಿದ್ದರೂ, ತುರ್ತಿನಲ್ಲಿ ಯಾವ ನೋಂದಾಯಿತ ಡಾಕ್ಟರಾದರೂ ೭೨ ಗಂಟೆಯವರೆಗೆ ಚಿಕಿತ್ಸೆ ಕೊಡಬಹುದೆಂದು ಕಾಯಿದೆಯಲ್ಲಿಯೇ ಇದೆ. ಅದಕ್ಕೂ ಮೀರಿದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ನಮ್ಮವರು ಈಗಲೂ ಹುಚ್ಚಾಸ್ಪತ್ರೆ ಎಂದು ಪಿಸುಗುಡುವ ಆ ಜಾಗದಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಹೋಗುವಾಗ ರೇಷನ್ ಕಾರ್ಡು, ಹಳೆಯ ಚೀಟಿಗಳು, ನುಂಗುತ್ತಿದ್ದ ಮಾತ್ರೆಗಳು ಜೊತೆಗಿರಲಿ.

ಬೆಂಗಳೂರಿಗೆ ಓಡುವುದೇ ಶಾಶ್ವತ ಉಪಾಯವಾಗಬೇಕೇ? ಬೇಕಿಲ್ಲ ಎಂಬುದನ್ನು ನಮ್ಮ ನಾಡೇ ತೋರಿಸಿದೆ. ಸಾಮಾನ್ಯ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಈ ಕಾಯಿಲೆಗಳನ್ನು ನೋಡಬಹುದು ಎಂದು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಮಾಡಿ ತೋರಿಸಿದರು. ೧೯೯೬ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡನ್ನೂ ಮಾಡಿದರು. ಮಂಗಳವಾರ ಹೋಗಿ ನೋಡಿ. ಕುರ್ಚಿ ಖಾಲಿಯಿದ್ದರೆ, ಮಾತ್ರೆ ಇಲ್ಲವೆಂದರೆ, ಸುಮ್ಮನೆ ಹಿಂತಿರುಗಬೇಡಿ. ಬರೆದು ಕೊಡಿ, ನಮಗೂ ತಿಳಿಸಿ. ಸರ್ಕಾರದಿಂದ ಈ ಚಿಕಿತ್ಸೆ ಪಡೆಯುವುದು ಕಾಯಿದೆ ಕೊಟ್ಟ ಹಕ್ಕು. ಯಾರ ದಯೆಯೂ ಅಲ್ಲ.

ಮಿಲ್ಲಿನ ಕಾರ್ಮಿಕರಿಗೆ ಇನ್ನೊಂದು ಮಾತು. ಇ.ಎಸ್.ಐ. ಚೀಟಿ ಇದ್ದವರು ಮನಸ್ಸಿನ ಕಾಯಿಲೆಯೆಂದು ನಾಚಿ ರಾಜೀನಾಮೆ ಕೊಡಬೇಡಿ. ಕಾಯಿಲೆ ರಜೆಗೆ ವರ್ಷಕ್ಕೆ ೯೧ ದಿನದವರೆಗೆ ಕೂಲಿಯ ಶೇಕಡಾ ೭೦ ಬರುತ್ತದೆ. ಸ್ಕಿಜೋಫ್ರೇನಿಯಾದಂಥ ದೀರ್ಘ ಕಾಯಿಲೆಗಳು ವಿಸ್ತರಿಸಿದ ಸೌಲಭ್ಯದ ಪಟ್ಟಿಯಲ್ಲಿವೆ. ಎರಡು ವರ್ಷ ಸತತ ಸೇವೆಯಾಗಿದ್ದರೆ ಶೇಕಡಾ ೮೦ರ ದರದಲ್ಲಿ ಎರಡು ವರ್ಷದವರೆಗೂ ಸಿಗಬಹುದು. ಡಾಕ್ಟರ ಸರ್ಟಿಫಿಕೇಟು ಮುಖ್ಯ. ಅರ್ಜಿ ಬರೆಯಲು ಬಾರದವರಿಗೆ ನಾವು ಬರೆದುಕೊಡುತ್ತೇವೆ, ಮೇಷ್ಟರಾಗಿದ್ದವರಿಗೆ ಅದೇನು ದೊಡ್ಡ ಕೆಲಸವಲ್ಲ.

ಕೊನೆಗೆ ಒಂದು ಕೋರಿಕೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳಲ್ಲಿ ರಾತ್ರಿ ಎರಡು ಗಂಟೆಗೆ ಕದ ತಟ್ಟಿದರೂ ಎದ್ದು ರೋಗಿಯ ಜೊತೆ ಆಸ್ಪತ್ರೆಗೆ ಬರುವವರು, ಊರಿಗೆ ನಾಲ್ವರು, ಬೇಕಾಗಿದ್ದಾರೆ. ಅದರಲ್ಲಿ ಇಬ್ಬರಾದರೂ ಹೆಂಗಸರಿರಬೇಕು. ಗಾಡಿ ಇಟ್ಟಿರುವ ವರ್ತಕ ಮಿತ್ರರು ಊರಿಗೊಬ್ಬರು ಮುಂದೆ ಬಂದರೆ ಸಾಕು, ಪೆಟ್ರೋಲಿಗೆ ಚಂದಾ ಎತ್ತೋಣ. ಕಾಗದ ಪೆನ್ಸಿಲು ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಹೊರಡುವ ಮುನ್ನ ಹೆಸರು ಬರೆಸಿ ಹೋಗಿ.